ಕಾಫಿ ಬಣ್ಣದ ಸ್ವೆಟರ್

ಅಕ್ಟೋಬರ್ 9, 2024

ಸಮಾಧಾನ ಹೇಳಲು ಬಂದವರನ್ನು ಸಮಾಧಾನ ಮಾಡಿ ಕಳಿಸುವುದೇ ನನ್ನ ಕೆಲಸವಾಗಿಬಿಟ್ಟಿದೆ. ಒಬ್ಬೊಬ್ಬರೂ ನನ್ನ ಕೈ ಹಿಡಿದು ಅಳುತ್ತಾರೆ, ನಾನು ಅವರ ಬೆನ್ನು ಸವರುತ್ತೇನೆ. ಅವರು ಹೋದ ಮೇಲೆ ನನಗೆ ಅಳು ಬರುವುದಿಲ್ಲ, ನಿದ್ದೆ ಬರುತ್ತದೆ.

ರಿಯಾಜ್ ಹೋದದ್ದು ಕಳೆದ ತಿಂಗಳ ಕೊನೆಯ ಭಾನುವಾರ. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು. ಮೈಸೂರಿಗೆ ಕರೆದೊಯ್ಯುವಾಗ ದಾರಿಯಲ್ಲೇ ಮುಗಿಯಿತು. ಈಗ ನಾನು ಇದ್ದತ್‌ನಲ್ಲಿದ್ದೇನೆ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಬಣ್ಣದ ಬಟ್ಟೆ, ಬಳೆ, ಅತ್ತರು, ಸುರ್ಮಾ ಯಾವುದೂ ಇಲ್ಲ. ಹೊರಗಿನ ಗಂಡಸರಿಗೆ ಮುಖ ತೋರಿಸುವಂತಿಲ್ಲ, ಮೈದುನನಿಗೂ ಕೂಡ. ಹಾಗಾಗಿ ಹುಣಸೂರಿನ ಈ ಮನೆಯ ನಡುಕೋಣೆಯೇ ಸದ್ಯಕ್ಕೆ ನನ್ನ ಊರು. ಗಲ್ಲಿ ಕಡೆಗೆ ಒಂದು ಕಿಟಕಿ, ಜಗಲಿ ಕಡೆಗೆ ಒಂದು ಪರದೆ, ಒಳಗೆ ನಾನು ಮತ್ತು ಅತ್ತೆ ರಹೀಮುನ್ನೀಸಾ, ನಾನು ಕರೆಯುವುದು ಅಮ್ಮಿ ಎಂದು. ಮಕ್ಕಳಿಲ್ಲ.

ಈ ಡೈರಿ ಅಂಗಡಿಗೆ ಉಲ್ಲನ್ ಕಳಿಸುವ ಕಂಪನಿಯವರು ಕೊಟ್ಟದ್ದು. ರಿಯಾಜ್ ಪ್ರತಿ ವರ್ಷ ತಂದುಕೊಡುತ್ತಿದ್ದರು, ನಾನು ಅದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದೆ. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ನಾನು ಓದಿದ್ದು ಅಂತರಸಂತೆಯ ಕನ್ನಡ ಶಾಲೆಯಲ್ಲಿ, ಬರೆಯಲು ಕೈಗೆ ಬರುವುದು ಕನ್ನಡವೇ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಅದೂ ಒಂದು ಅನುಕೂಲ. ಅತ್ತೆಯ ಬಗ್ಗೆ ಧಾರಾಳವಾಗಿ ಬರೆಯಬಹುದು.

ರಿಯಾಜ್‌ಗೆಂದು ಹೆಣೆಯುತ್ತಿದ್ದ ಸ್ವೆಟರ್ ಟ್ರಂಕಿನಲ್ಲಿದೆ. ಒಂದು ತೋಳು ಬಾಕಿ.

ಅಕ್ಟೋಬರ್ 17

ಕನಸಿನಲ್ಲಿ ಮಂಜು. ಮಂಜಿನೊಳಗೆ ರಿಯಾಜ್ ನಿಂತು ಯಾವುದೋ ಉಲ್ಲನ್ ಉಂಡೆ ಎತ್ತಿ ತೋರಿಸುತ್ತಿದ್ದರು, ಇದು ಯಾವ ಬಣ್ಣ ಎಂದು ಕೇಳುತ್ತಿದ್ದರು. ನನಗೂ ಗೊತ್ತಾಗಲಿಲ್ಲ.

ಅಕ್ಟೋಬರ್ 26

ಮುಜಾಮಿಲ್ ಸಂಜೆ ಬಂದು ಪರದೆಯಾಚೆ ಕೂತ. ಇವನು ರಿಯಾಜ್ ತಮ್ಮ. ಪಿರಿಯಾಪಟ್ಟಣದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದವನು, ಅಣ್ಣ ಹೋದ ಮೇಲೆ ಅದನ್ನು ಬಿಟ್ಟು ಬಜಾರಿನ ಅಂಗಡಿಯಲ್ಲಿ ಕೂತಿದ್ದಾನೆ. ಅವರ ಅಂಗಡಿ ಎಂದರೆ ಲೇಸು, ಗುಂಡಿ, ಜಿಪ್ಪು, ಅದಕ್ಕಿಂತ ಹೆಚ್ಚಾಗಿ ಉಲ್ಲನ್. ಗೋಡೆ ತುಂಬ ಉಲ್ಲನ್.

"ಭಾಭಿ, ಅಂಗಡಿ ಪೂರ್ತಿ ಕ್ಲೀನ್ ಮಾಡಿದೆ," ಎಂದ. ದನಿಯಲ್ಲಿ ಮೆಚ್ಚುಗೆ ಕೇಳುವ ಆಸೆ ಇತ್ತು. "ಎಲ್ಲಾ ಉಂಡೆಗೂ ಕೊಳಕು ಬಾಲ ನೇತಾಡ್ತಿತ್ತು, ಗಂಟು ಗಂಟು. ಕತ್ತರಿ ತಗೊಂಡು ಕಟ್ ಮಾಡಿಬಿಟ್ಟೆ. ಈಗ ನೀಟಾಗಿದೆ."

ಆ ಗಂಟುಗಳನ್ನು ಹಾಕಿದ್ದು ನಾನು. ರಿಯಾಜ್‌ಗೆ ಕೆಂಪು, ಹಸಿರು, ಕಾಫಿ ಬಣ್ಣ ಒಂದರಂತೆ ಒಂದು ಕಾಣುತ್ತಿತ್ತು. ಹುಟ್ಟಿನಿಂದಲೇ ಹಾಗೆ. ಉಲ್ಲನ್ ಮಾರುವವರಿಗೆ ಬಣ್ಣ ಕಾಣುವುದಿಲ್ಲ ಎಂದು ಊರಿಗೆ ಗೊತ್ತಾದರೆ ನಗುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ, ಅಮ್ಮಿಗೂ ಹೇಳಿರಲಿಲ್ಲ. ಹೊಸ ಸರಕು ಬಂದಾಗಲೆಲ್ಲ ಮೊದಲು ಮನೆಗೆ ತರುತ್ತಿದ್ದರು. ನಾನು ಉಂಡೆಯ ತುದಿಗೆ ಗಂಟು ಹಾಕುತ್ತಿದ್ದೆ: ಕೆಂಪಿಗೆ ಒಂದು, ಹಸಿರಿಗೆ ಎರಡು, ಕಾಫಿಗೆ ಮೂರು. ಅವರು ಗಿರಾಕಿಯ ಜೊತೆ ಮಾತಾಡುತ್ತಲೇ ಬೆರಳಿನಲ್ಲಿ ಬಾಲ ತಡವಿ, ಸರಿಯಾದ ಉಂಡೆ ತೆಗೆದುಕೊಡುತ್ತಿದ್ದರು. ಜನ ಅದನ್ನು ಸ್ಟೈಲ್ ಎಂದುಕೊಂಡಿದ್ದರು.

ಅಷ್ಟು ವರ್ಷದ ಗಂಟು, ಒಂದೇ ಮಧ್ಯಾಹ್ನದ ಕತ್ತರಿ. "ಒಳ್ಳೇದಾಯ್ತು ಬಿಡು," ಎಂದೆ. ಇನ್ನು ಆ ಗಂಟು ಯಾರಿಗೆ ಬೇಕು.

ಅಂತರಸಂತೆಯಿಂದ ನನ್ನ ಅಣ್ಣ ಗಯಾಸುದ್ದೀನ್ ಫೋನ್ ಮಾಡಿದ್ದ. ಇದ್ದತ್ ಮುಗಿದ ಮಾರನೇ ದಿನ ಜೀಪ್ ತರುತ್ತಾನಂತೆ. ತವರಲ್ಲಿ ಒಂದು ಕೋಣೆ ಬಿಡಿಸಿಟ್ಟಿದ್ದಾನೆ. ಹೂಂ ಎಂದೆ. ಎಲ್ಲಿದ್ದರೆ ಏನು.

ನವೆಂಬರ್ 6

ಬೆಟ್ಟದಪುರದ ಸುನಂದಮ್ಮ ಬಂದಿದ್ದರು, ಅಂಗಡಿಯ ಹಳೆಯ ಗಿರಾಕಿ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬೇಯಿಸಿ ಮುಗಿಸಿದ ಮೇಲೆ ಕ್ರೋಷಾ ಕಡ್ಡಿ ಹಿಡಿದರೆ ಯುಗಾದಿವರೆಗೆ ಬಾಗಿಲ ತೋರಣ ಹೆಣೆಯುತ್ತಾರೆ. ಸೊಪ್ಪು ಪೋಣಿಸಿ ಪೋಣಿಸಿ ಅವರ ಬೆರಳು ದಾರದ ಮಾತು ಕೇಳುತ್ತದೆ. ಬಂದವರು ಅಳಲಿಲ್ಲ. ಚೀಲದಿಂದ ಉಂಡೆಗಳನ್ನು ತೆಗೆದು ನನ್ನ ಮಡಿಲಿಗೆ ಸುರಿದರು.

"ನಿನ್ನ ಗಂಡ ಓದ್ಮೇಲೆ ಬಾಯಿಗೆ ಬಂದಂಗೆ ಮಾತಾಡ್ಬಾರ್ದು ಅಂತ ಸುಮ್ಕಿದ್ದೆ ಕಣವ್ವ. ಗಿಣಿ ಎಣೆಯಾಕೆ ಎಲೆ ಅಸಿರು ಬೇಕು ಅಂತ ಫೋನ್ ಮಾಡಿದ್ರೆ, ನಿನ್ನ ಮೈದ ಬಸ್ನಾಗೆ ಇಟ್ಟಿಗೆ ಬಣ್ಣದ್ದು ಕಳ್ಸವ್ನೆ. ಇಟ್ಟಿಗೆ ಬಣ್ಣದ ಗಿಣಿಯ ಎಲ್ಲಾರ ಕಂಡಿದ್ದೀಯಾ?"

ನಾನು ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದು ಎಂದು ಅಮ್ಮಿಯ ಮುಖ ನೋಡಿದಾಗ ಗೊತ್ತಾಯಿತು.

ಆಮೇಲೆ ಸಿಟ್ಟು ಬಂತು. ಹಸಿರಿಗೂ ಇಟ್ಟಿಗೆ ಬಣ್ಣಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಉದಾಸೀನವೇ? ಅಣ್ಣ ಜೀವ ಇಟ್ಟುಕೊಂಡಿದ್ದ ಅಂಗಡಿಯ ಮೇಲೆ ಇವನಿಗೆ ಇರುವುದು ಇಷ್ಟೇ.

ನವೆಂಬರ್ 11

ಇಷ್ಟೇ ಅಲ್ಲ, ಇನ್ನೂ ಇದೆ. ಉಲ್ಲನ್ ಎಲ್ಲ ತೆಗೆದುಹಾಕಿ ಮೊಬೈಲ್ ಕವರ್ ಇಡುತ್ತಾನಂತೆ. ಉಲ್ಲನ್ನನ್ನು ದಿಂಬು ತುಂಬುವವನಿಗೆ ತೂಕಕ್ಕೆ ಹಾಕಲು ಮಾತಾಡಿದ್ದಾನೆ. ಅಂಗಡಿ ಅಮ್ಮಿಯ ಹೆಸರಿನಲ್ಲಿದೆ, ಅದಕ್ಕೆ ಕೇಳಲು ಬಂದ.

"ಈ ಬಿಸಿಲಲ್ಲಿ ಸ್ವೆಟರ್ ಯಾರು ಹಾಕ್ತಾರಮ್ಮ? ಬರೋರೆಲ್ಲ ಆ ಬಣ್ಣ ಅಲ್ಲ ಈ ಬಣ್ಣ ಅಂತ ತಲೆ ತಿಂತಾರೆ. ನನ್ನ ಕೈಲಿ ಆಗಲ್ಲ."

ಅಮ್ಮಿ ಬಹಳ ಹೊತ್ತು ತಸ್ಬಿಯ ಮಣಿ ಉರುಳಿಸಿದರು. "ಶಹನಾಜ್ ಇದ್ದತ್ ಮುಗೀಲಿ. ಆಮೇಲೆ ಹೇಳ್ತೀನಿ. ಅಲ್ಲಿವರೆಗೆ ಆ ಉಲ್ಲನ್ನ ಮನೆಗೆ ತಂದು ಹಾಕು," ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಅವರ ಅಂಗಡಿ, ಅವರ ಇಷ್ಟ.

ಸಂಜೆ ಗೂಡ್ಸ್ ಆಟೋದಲ್ಲಿ ಮೂಟೆಗಳು ಬಂದವು. ನಡುಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮೂಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ: ನೀಲಿ, ಹಳದಿ, ಬಿಳಿ, ಕೆಂಪು, ಹಸಿರು, ಕಾಫಿ.

ನವೆಂಬರ್ 22

ಎಷ್ಟು ದಿನ ಅಂತ ಮೂಟೆಗಳ ಮುಖ ನೋಡುತ್ತ ಕೂರುವುದು. ಬೇಸರಕ್ಕೆ ಒಂದನ್ನು ಬಿಚ್ಚಿದೆ. ನೀಲಿಯದು. ಬಿಚ್ಚಿದವಳು ಹಾಗೇ ಕೂತುಬಿಟ್ಟೆ. ತಿಳಿನೀಲಿಯಿಂದ ಶುರುವಾಗಿ, ಆಕಾಶ, ನವಿಲುಕತ್ತು, ಶಾಯಿ, ಕೊನೆಗೆ ಕತ್ತಲು. ಒಂದೊಂದು ಪದರವನ್ನೂ ಜೋಪಾನವಾಗಿ ಜೋಡಿಸಿದ್ದಾನೆ. ಹಳದಿ ಮೂಟೆಯೂ ಹಾಗೇ, ನಿಂಬೆಯಿಂದ ಅರಿಶಿನದವರೆಗೆ. ಇಷ್ಟು ಚೆನ್ನಾಗಿ ಜೋಡಿಸಲು ಬರುವವನು ಕೆಂಪು ಮೂಟೆಯಲ್ಲಿ ಮಾಡಿದ್ದೇನು? ಕುಂಕುಮದ ಪಕ್ಕ ಪಾಚಿ, ದಾಳಿಂಬೆಯ ಮೇಲೆ ಇಟ್ಟಿಗೆ, ಮಧ್ಯೆ ಹೊಗೆಸೊಪ್ಪಿನ ಬಣ್ಣ. ಬೇಕಂತಲೇ ಮಾಡಿದ್ದಾನೆ. ಕೆಡಿಸಿಟ್ಟರೆ ಮಾರಿಬಿಡಿ ಎಂದು ನಾವೇ ಹೇಳುತ್ತೇವೆ ಎಂಬ ಲೆಕ್ಕ.

ಆ ಸಿಟ್ಟಿನಲ್ಲೇ ಬೇರ್ಪಡಿಸಲು ಕೂತೆ. ಬೆಳಗಿನ ಬೆಳಕು ಕಿಟಕಿಗೆ ನೇರವಾಗಿ ಬೀಳುವುದಿಲ್ಲ, ಎದುರು ಮನೆಯ ಸುಣ್ಣದ ಗೋಡೆಗೆ ಬಡಿದು ತಣ್ಣಗೆ ಒಳಗೆ ಬರುತ್ತದೆ. ಉಲ್ಲನ್ ನೋಡಲು ಅದೇ ಸರಿಯಾದ ಬೆಳಕು. ಒಂದೇ ಕೆಂಪು ಎಂದುಕೊಂಡದ್ದು ಎರಡು ಕೆಂಪಾಗಿರುತ್ತದೆ. ಕಂಪನಿಯವರು ಒಂದು ಸಲ ಅದ್ದಿದ ಬಣ್ಣ ಇನ್ನೊಂದು ಸಲಕ್ಕೆ ಬರುವುದಿಲ್ಲ. ಅದನ್ನೇ ಲಾಟ್ ಎನ್ನುವುದು. ಲಾಟ್ ಬೆರೆತರೆ ಸ್ವೆಟರ್‌ನ ಎದೆಯ ಮೇಲೆ ಪಟ್ಟೆ ಬೀಳುತ್ತದೆ, ಬಿಸಿಲಿಗೆ ಹೋದಾಗಲೇ ಕಾಣುವುದು. ಎರಡು ಎಳೆಯನ್ನು ಒಟ್ಟಿಗೆ ಹೊಸೆದು ಹಿಡಿದರೆ, ಬೇರೆ ಲಾಟ್‌ನ ಎಳೆ ಹಾವಿನ ಮೈಯಂತೆ ಸುತ್ತಿಕೊಂಡು ಕಾಣುತ್ತದೆ. ಹೊಸೆದೆ, ನೋಡಿದೆ, ಬೇರೆ ಇಟ್ಟೆ. ತಲೆ ಎತ್ತಿದಾಗ ಮಧ್ಯಾಹ್ನದ ಜುಹರ್ ಅಜಾನ್ ಆಗುತ್ತಿತ್ತು.

ಗಲ್ಲಿಯ ದೊಡ್ಡಮ್ಮ ಒಬ್ಬರು ಬಂದವರು ಬಾಗಿಲಲ್ಲೇ ನಿಂತರು. ಇದ್ದತ್‌ನಲ್ಲಿ ಇಷ್ಟು ಬಣ್ಣ ಮುಟ್ಟುವುದುಂಟೇ ಎಂದರು. ಅಮ್ಮಿ ನನಗಿಂತ ಮೊದಲು ಬಾಯಿ ತೆರೆದರು. "ಅವಳು ಉಟ್ಟಿರೋದು ಬಿಳಿ. ಮೂಟೆ ಉಟ್ಟಿರೋದಕ್ಕೆ ಅವಳೇನು ಮಾಡ್ತಾಳೆ?"

ಅತ್ತೆಯ ಬಗ್ಗೆ ಧಾರಾಳವಾಗಿ ಬರೆಯುತ್ತೇನೆ ಎಂದಿದ್ದೆನಲ್ಲ. ಇವತ್ತು ಇದನ್ನು ಬರೆದುಕೊಳ್ಳಬೇಕು.

ನವೆಂಬರ್ 30

ಅಮ್ಮಿಯೂ ನನ್ನ ಜೊತೆ ಕೂರುತ್ತಾರೆ ಈಗ. ಸಿಕ್ಕಾದ ದಾರ ಬಿಡಿಸುವುದರಲ್ಲಿ ಅವರಿಗೆ ಸುಖ. ಬಿಡಿಸುತ್ತ ಬಿಡಿಸುತ್ತ ಹಳೆಯದನ್ನೆಲ್ಲ ಹೇಳುತ್ತಾರೆ. ಅವರ ಅಬ್ಬಾ ಹಾರನಹಳ್ಳಿಯಲ್ಲಿ ತರಕಾರಿ ಗುಡ್ಡೆ ಹಾಕಿ ಮಾರುತ್ತಿದ್ದರಂತೆ. ಹಣ್ಣು ಮೆಣಸಿನಕಾಯಿಯನ್ನೂ ಹಸಿ ಮೆಣಸಿನಕಾಯಿಯನ್ನೂ ಒಂದೇ ಗುಡ್ಡೆಗೆ ಹಾಕಿಬಿಡುತ್ತಿದ್ದರು, ಜನ ತಮಾಷೆ ಮಾಡುತ್ತಿದ್ದರು, ಅಬ್ಬಾ ಮಾತ್ರ ಖಾರ ಒಂದೇ ಅಲ್ಲವೇ ಎನ್ನುತ್ತಿದ್ದರಂತೆ. ಇಬ್ಬರೂ ನಕ್ಕೆವು. ರಿಯಾಜ್‌ಗೆ ಅದು ಎಲ್ಲಿಂದ ಬಂತು ಎಂದು ಈಗ ತಿಳಿಯಿತು. ಅಮ್ಮಿಗೆ ಹೇಳೋಣ ಎಂದುಕೊಂಡೆ, ಹೇಳಲಿಲ್ಲ. ರಿಯಾಜ್ ಮುಚ್ಚಿಟ್ಟದ್ದು, ನಾನು ಯಾಕೆ ತೆರೆಯಲಿ.

ಮಧ್ಯಾಹ್ನ ಉಲ್ಲನ್ ರಾಶಿಗೇ ಒರಗಿ ನಿದ್ದೆ ಹೋದೆ. ಕಬಿನಿ ಹಿನ್ನೀರಿನ ಮೇಲೆ ನಡೆಯುತ್ತಿದ್ದೆ, ಚಿಕ್ಕವಳಿದ್ದಾಗ ಅಂತರಸಂತೆಯಲ್ಲಿ ಕಂಡ ನೀರು. ಕಾಲಡಿ ನೀರಿಲ್ಲ, ಹೆಣಿಗೆ. ಹೆಜ್ಜೆ ಇಟ್ಟಲ್ಲೆಲ್ಲ ಮೆತ್ತಗೆ ತಗ್ಗುತ್ತಿತ್ತು, ಮುಳುಗಿಸುತ್ತಿರಲಿಲ್ಲ.

ಡಿಸೆಂಬರ್ 4

ಟ್ರಂಕಿನಿಂದ ಸ್ವೆಟರ್ ತೆಗೆದೆ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಬಾಕಿ ತೋಳಿಗೆ ಹೆಣಿಗೆಯ ಮನೆ, ಅಂದರೆ ಮೊದಲ ಕುಣಿಕೆಗಳನ್ನು, ಎತ್ತಿದ್ದೇನೆ. ಕೈ ಬಿಗಿಯಾಗಿದೆ, ಮೊದಲ ಸಾಲುಗಳು ಕಡ್ಡಿಯ ಮೇಲೆ ಸರಿಯುವುದೇ ಇಲ್ಲ. ಆ ಮೊದಲಿನ ತೋಳು ಎಷ್ಟು ಸಡಿಲವಾಗಿದೆ. ಅದನ್ನು ಹೆಣೆದವಳು ಯಾವುದೋ ಸುಖವಾದ ಹೆಂಗಸು. ಬಿಚ್ಚಿದೆ, ಮತ್ತೆ ಎತ್ತಿದೆ.

ಡಿಸೆಂಬರ್ 7

ಮುಜಾಮಿಲ್ ಪರದೆಯಾಚೆ ಟೀ ಕುಡಿಯುತ್ತಿದ್ದ. ಜಗಲಿಯಲ್ಲಿ ಎರಡು ಉಂಡೆ ಉರುಳಿಹೋಗಿದ್ದವು, ಒಂದು ಪಾಚಿ ಹಸಿರು, ಒಂದು ಕಡುಗೆಂಪು. "ಆ ಕೆಂಪನ್ನು ಇತ್ತ ತಳ್ಳು," ಎಂದೆ. ಪರದೆಯಡಿಯಿಂದ ಹಸಿರು ಬಂತು. "ಕೆಂಪು," ಎಂದೆ ಮತ್ತೆ. ಏನೂ ಬರಲಿಲ್ಲ. ಲೋಟ ಕೆಳಗಿಟ್ಟ ಸದ್ದು, ಸ್ಕೂಟರ್ ಹೊರಟ ಸದ್ದು.

ನಾನು ಗಂಡ ಸತ್ತವಳು, ನನ್ನ ಜೊತೆ ಆಟವಾಡುತ್ತಿದ್ದಾನೆ. ಈ ಮನೆಯಲ್ಲಿ ಇನ್ನು ನನಗೆ ಮರ್ಯಾದೆ ಇಲ್ಲ. ಅಣ್ಣನಿಗೆ ಫೋನ್ ಮಾಡಿ ಜೀಪ್ ಮಾತು ಖಚಿತ ಮಾಡಿದೆ. ಬಂದು ಕರೆದುಕೊಂಡು ಹೋಗಲಿ. ಹೋಗುವ ಮೊದಲು ಉಲ್ಲನ್ ಮಾತ್ರ ಸರಿಮಾಡಿಟ್ಟು ಹೋಗುತ್ತೇನೆ, ದಿಂಬಿಗೆ ಹೋಗುವುದಾದರೂ ಬಣ್ಣ ಬಣ್ಣವಾಗಿ ಹೋಗಲಿ.

ಡಿಸೆಂಬರ್ 16

ಸುನಂದಮ್ಮ ಮತ್ತೆ ಬಂದರು, ಈ ಸಲ ಸೊಸೆ ಸೌಂದರ್ಯಳನ್ನೂ ಕರೆದುಕೊಂಡು. ಹುಡುಗಿ ಬಾಣಂತನ ಮುಗಿಸಿ ಬಂದಿದ್ದಾಳೆ, ಮಗುವಿಗೆ ಟೋಪಿ ಹೆಣೆಯಬೇಕಂತೆ, ಗುಲಾಬಿಯ ಮಿರಿಮಿರಿ ಉಲ್ಲನ್ ಬೇಕಂತೆ.

"ನೋಡಿ ತಗೋಬೇಡ, ಮುಟ್ಟಿ ತಗೋ," ಎಂದೆ. "ಕೈಗಲ್ಲ, ಅಂಗೈ ಒರಟು, ಅದು ಸುಳ್ಳು ಹೇಳುತ್ತೆ. ಮೇಲ್ತುಟಿಗೆ ಇಟ್ಟು ನೋಡು." ಅವಳು ಮಿರಿಮಿರಿಯನ್ನು ತುಟಿಗಿಟ್ಟು ಮುಖ ಕಿವುಚಿದಳು. ಆಮೇಲೆ ಹತ್ತಿಯ ದಾರ ಕೊಟ್ಟೆ, ಹಾಲು ಬಿಳಿ. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಹಿಡಿದುಕೊಂಡಳು. "ಇದೇ ಇರಲಿ ಅಕ್ಕ," ಎಂದಳು. ಮಗುವಿನ ನೆತ್ತಿ ನಿನ್ನ ತುಟಿಗಿಂತ ಮೆತ್ತಗಿರುತ್ತೆ, ಸಡಿಲವಾಗಿ ಹೆಣಿ ಎಂದೆ.

ಸುನಂದಮ್ಮನ ಕಣ್ಣು ನನ್ನ ಮಡಿಲಿನ ಸ್ವೆಟರ್ ಮೇಲೆ ಬಿತ್ತು. ಯಾರಿಗೆ ಎಂದರು.

"ಅವರದು. ಕಾಫಿ ಬಣ್ಣದ ಸ್ವೆಟರ್."

"ಇದು ಅಸಿರಲ್ವೇನವ್ವ?"

ಹಸಿರೇ. ಮಳೆ ನಿಂತ ಮೇಲೆ ಬೆಟ್ಟದಪುರದ ಬೆಟ್ಟ ಇರುತ್ತದಲ್ಲ, ಆ ಹಸಿರು. ಯಾಕೆ ಹೇಳಿದೆನೋ, ಇಷ್ಟು ದಿನ ಯಾರಿಗೂ ಹೇಳದ್ದನ್ನು ಅವರ ಮುಂದೆ ಪೂರ್ತಿ ಹೇಳಿಬಿಟ್ಟೆ. ಪಕ್ಕದಲ್ಲಿ ಅಮ್ಮಿಯೂ ಇದ್ದರು. ಮದುವೆಯಾದ ಹೊಸದರಲ್ಲಿ ಕೆಂಪು ಸೀರೆಗೆ ಜೋಡಿ ಎಂದು ಹಸಿರು ಬಳೆ ತಂದದ್ದು. ಆಮೇಲೆ ತಲೆ ತಗ್ಗಿಸಿ ನಿಜ ಹೇಳಿದ್ದು. ಗಂಟಿನ ಉಪಾಯ ಹುಡುಕಿದ್ದು. ಹೋದ ವರ್ಷ ಮೈಸೂರಿಗೆ ಒಬ್ಬರೇ ಹೋಗಿ, ಯಾರನ್ನೂ ಕೇಳದೆ ತಮಗೆಂದು ಉಲ್ಲನ್ ಆರಿಸಿ ತಂದು, "ನೋಡು, ಕಾಫಿ ಬಣ್ಣ, ನಾನೇ ಹುಡುಕಿದೆ," ಎಂದದ್ದು. ಆ ಮುಖ ನೋಡಿ ನಾನು ಬಹಳ ಚೆನ್ನಾಗಿದೆ ಎಂದದ್ದು. "ಹಾಗಾಗಿ ಇದು ಕಾಫಿಯೇ," ಎಂದೆ.

ಅಮ್ಮಿಯ ಕೈ ನಿಂತಿತ್ತು. ಸುನಂದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಅಂಗಾರೆ ಕಾಫಿಯೇ ಬುಡವ್ವ," ಎಂದರು.

ಆಗ ಜಗಲಿಯಲ್ಲಿ ಕೀಲಿಗೊಂಚಲು ಬಿದ್ದ ಸದ್ದಾಯಿತು. ಮುಜಾಮಿಲ್ ಯಾವಾಗ ಬಂದು ಕೂತಿದ್ದನೋ. ಟೀ ಬೇಕಾ ಎಂದು ಅಮ್ಮಿ ಕೂಗಿದರು. ಅವನು ಉತ್ತರ ಕೊಡದೆ ಹೋದ. ಅಣ್ಣನ ಗುಟ್ಟು ಸಿಕ್ಕಿತಲ್ಲ, ಇನ್ನು ಬಜಾರಿನಲ್ಲಿ ಹೇಳಿಕೊಂಡು ನಗುತ್ತಾನೆ. ಬಾಯಿ ಬಿಟ್ಟದ್ದು ತಪ್ಪಾಯಿತೇನೋ.

ಡಿಸೆಂಬರ್ 28

ಹುಣಸೂರಿನಲ್ಲಿ ಚಳಿ. ಬೆಳಿಗ್ಗೆ ಕಿಟಕಿಯಾಚೆ ಮಂಜು, ಹಾಲಿನವನ ಗಂಟೆ ಮಾತ್ರ ಬರುತ್ತದೆ, ಹಾಲಿನವನು ಕಾಣುವುದಿಲ್ಲ. ತೋಳು ಬೆಳೆಯುತ್ತಿದೆ. ಈಗ ಕೈ ಬಿಗಿಯಿಲ್ಲ. ಎರಡು ತೋಳನ್ನೂ ಪಕ್ಕಪಕ್ಕ ಇಟ್ಟು ಇದರಲ್ಲಿ ಹೊಸದು ಯಾವುದು ಎಂದು ಅಮ್ಮಿಯನ್ನು ಕೇಳಿದೆ. ಅವರು ಹಳೆಯದನ್ನು ತೋರಿಸಿದರು.

ಆದರೆ ದಾರ ಸಾಲದು. ಮುಂಗೈ ಇನ್ನೂ ಒಂದು ಗೇಣು ಇರುವಾಗಲೇ ಉಂಡೆ ಸಣ್ಣ ನಿಂಬೆಹಣ್ಣಿನಷ್ಟಾಗಿದೆ. ಇದೇ ಲಾಟ್‌ನ ಇನ್ನೊಂದು ಉಂಡೆ ಅಂಗಡಿಯ ಸರಕಿನಲ್ಲಿ ಇರಲೇಬೇಕು, ರಿಯಾಜ್ ಒಂದು ಹೆಚ್ಚಿಗೇ ತಂದಿದ್ದರು. ಹಸಿರು ಮೂಟೆ ಪೂರ್ತಿ ಸುರಿದೆ. ಕೆಂಪು ಮೂಟೆ ಮತ್ತೆ ಸುರಿದೆ. ಇಲ್ಲ. ಬೇರೆ ಹಸಿರು ಹಾಕಿ ಮುಗಿಸಬಹುದು, ಯಾರು ನೋಡುತ್ತಾರೆ. ಅವರಿಗಂತೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತದೆ. ಕಡ್ಡಿ ಕೆಳಗಿಟ್ಟೆ.

ಜನವರಿ 2, 2025

ಮನಸ್ಸಿಲ್ಲ.

ಜನವರಿ 9

ಇದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಅಮ್ಮಿ ಹಿತ್ತಲಿನಲ್ಲಿದ್ದರು. ಪರದೆಯಾಚೆ ಮುಜಾಮಿಲ್ ಬಂದು ಕೂತ. ಕೀಲಿಗೊಂಚಲು ತಿರುಗಿಸುವ ಸದ್ದು ಕೇಳುತ್ತಿತ್ತು.

"ಭಾಭಿ."

"ಹೇಳು."

"ಭೈಯ್ಯ ನನಗೆ ಯಾವತ್ತೂ ಹೇಳಲಿಲ್ಲ."

"ಏನನ್ನ?"

"ಗಂಟು ಯಾಕೆ ಅಂತ." ಕೀಲಿ ನೆಲಕ್ಕಿಟ್ಟ. "ನಾನೂ ಅವನಿಗೆ ಹೇಳಲಿಲ್ಲ. ಸ್ಕೂಲಲ್ಲಿ ಚಿತ್ರ ಬಿಡಿಸೋವಾಗ ಮರಕ್ಕೆಲ್ಲ ಕೆಂಪು ಎಲೆ ಹಾಕಿದೆ ಅಂತ ಮೇಷ್ಟ್ರು ಕ್ಲಾಸಿಗೆಲ್ಲ ತೋರಿಸಿ ನಗಿಸಿದ್ರು. ಅವತ್ತಿಂದ ಬಾಯಿ ಮುಚ್ಚಿಕೊಂಡೆ. ಒಂದೇ ತಟ್ಟೇಲಿ ಊಟ ಮಾಡಿದ್ದೀವಿ ಭಾಭಿ ನಾವಿಬ್ಬರೂ. ಇಬ್ಬರೂ ಮುಚ್ಚಿಟ್ಟುಕೊಂಡಿದ್ವಿ."

ನನ್ನ ಮಡಿಲಲ್ಲಿ ಕೆಂಪು, ಹಸಿರು ಎಲ್ಲ ಇದ್ದವು. ಇಟ್ಟಿಗೆ ಬಣ್ಣದ ಗಿಣಿ, ಪರದೆಯಡಿ ಬಂದ ಹಸಿರು ಉಂಡೆ, ನೀಲಿ ಮೂಟೆಯ ಅಷ್ಟು ಚಂದದ ಜೋಡಣೆ, ಹಾರನಹಳ್ಳಿಯ ಮೆಣಸಿನಕಾಯಿ ಗುಡ್ಡೆ. ಬಣ್ಣ ಗೊತ್ತು ಎಂದು ಜಂಬ ಕೊಚ್ಚುವವಳು ನಾನು, ಇಷ್ಟು ದಿನ ಏನನ್ನು ನೋಡುತ್ತಿದ್ದೆ?

"ಮೊಬೈಲ್ ಕವರ್ ಆದ್ರೆ ಮೇಲೆ ಮಾಡೆಲ್ ಹೆಸರು ಬರೆದಿರುತ್ತೆ," ಎಂದ. "ಉಲ್ಲನ್ ಮೇಲೆ ಏನೂ ಬರೆದಿರಲ್ಲ. ಇದ್ದಿದ್ದನ್ನೂ ನಾನೇ ಕತ್ತರಿಸಿದೆ." ಮತ್ತೆ ಕೀಲಿಯ ಸದ್ದು. "ಭೈಯ್ಯನಿಗೆ ಹಾಕ್ತಿದ್ದ ಗಂಟು ನನಗೂ ಹಾಕಿಕೊಡಿ ಭಾಭಿ. ಅಂಗಡಿ ಹಂಗೇ ಇರಲಿ."

ಒಂದು ಕೆಂಪು ಉಂಡೆ ಎತ್ತಿಕೊಂಡೆ. ತುದಿಗೆ ಒಂದು ಗಂಟು ಹಾಕಿ ಪರದೆಯಡಿ ತಳ್ಳಿದೆ.

"ಒಂದು," ಎಂದ.

"ಕೆಂಪು," ಎಂದೆ.

ಇನ್ನೊಂದು ಉಂಡೆಗೆ ಗಂಟು ಹಾಕಿ ತಳ್ಳಿದೆ. "ಎರಡು."

"ಹಸಿರು."

ಮೂರನೆಯದಕ್ಕೆ ಕಾಫಿ ಉಂಡೆ ಹುಡುಕುವಾಗ ನನಗೆ ಅಳು ಬಂತು. ಅವರು ಹೋದ ದಿನದಿಂದ ಎಲ್ಲಿತ್ತೋ ಅದು, ಎಲ್ಲ ಒಟ್ಟಿಗೆ ಬಂತು. ಪರದೆಯಾಚೆ ಅವನೂ ಅಳುತ್ತಿದ್ದ. ಹಿತ್ತಲಿನಿಂದ ಅಮ್ಮಿ ಓಡಿಬಂದು ಯಾರ ಹತ್ತಿರ ಹೋಗುವುದೆಂದು ಗೊತ್ತಾಗದೆ ಪರದೆಯನ್ನೇ ಹಿಡಿದುಕೊಂಡು ಮಧ್ಯೆ ನಿಂತರು.

ಜನವರಿ 10

ಕಾಫಿ ಮೂಟೆಯನ್ನು ಇಷ್ಟು ದಿನ ಬಿಚ್ಚಿರಲೇ ಇಲ್ಲ, ಕಾಫಿ ಯಾರಿಗೆ ಬೇಕು ಎಂದು ಕೊನೆಗೆ ಬಿಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದೆ. ಮೇಲೇ ಇತ್ತು. ರಿಯಾಜ್ ತಂದ ಆ ಹೆಚ್ಚಿನ ಉಂಡೆ, ಬೆಟ್ಟದ ಹಸಿರು, ಕಾಫಿಗಳ ನಡುವೆ ಸಂದೇಹವೇ ಇಲ್ಲದಂತೆ ಕೂತಿತ್ತು. ಅಣ್ಣ ಯಾವ ಬಣ್ಣ ಎಂದು ತಂದನೋ, ತಮ್ಮ ಅದೇ ಬಣ್ಣ ಎಂದು ಇಟ್ಟಿದ್ದಾನೆ.

ಹಳೆಯ ಎಳೆಯ ಜೊತೆ ಹೊಸೆದು ಬೆಳಕಿಗೆ ಹಿಡಿದೆ. ಎರಡೂ ಒಂದೇ.

ಜನವರಿ 24

ತೋಳು ಮುಗಿಯಿತು. ಹೊಲಿಗೆ ಹಾಕಿದೆ. ಇನ್ನು ಗಂಟಿನ ಕೆಲಸ. ಅಮ್ಮಿಯೂ ಹಾಕುತ್ತಾರೆ, ಆದರೆ ಅವರ ಗಂಟು ದೊಡ್ಡದು, ಉಣ್ಣೆಯ ಉಂಡೆಗೆ ಕಡಲೆಕಾಯಿ ಕಟ್ಟಿದಂತೆ. ಇರಲಿ, ಮುಜಾಮಿಲ್‌ಗೆ ಸುಲಭವಾಗಿ ಸಿಗುತ್ತದೆ ಎನ್ನುತ್ತಾರೆ. ಇಬ್ಬರು ಮಕ್ಕಳದ್ದೂ ನನಗೆ ಗೊತ್ತಾಗಲಿಲ್ಲವಲ್ಲ ಎಂದು ದಿನಕ್ಕೊಂದು ಸಲ ಹೇಳುತ್ತಾರೆ. ಆಮೇಲೆ ಅಬ್ಬಾನ ಮೆಣಸಿನಕಾಯಿ ನೆನೆಸಿಕೊಂಡು ನಗುತ್ತಾರೆ.

ಗಿಳಿಹಸಿರು ಮತ್ತು ಕಿತ್ತಳೆಯೂ ಅವನಿಗೆ ಕಲಸಿಹೋಗುತ್ತದಂತೆ. ಹೊಸ ಗಂಟು ಬೇಕು. ನೇರಳೆ, ನೀಲಿ? ಅದನ್ನೂ ಕೇಳಬೇಕು. ಸಂಕ್ರಾಂತಿಯಾದರೂ ಚಳಿ ಹೋಗಿಲ್ಲ, ಇನ್ನೂ ಒಂದು ತಿಂಗಳು ವ್ಯಾಪಾರ ಇದೆ. ಬೇಸಿಗೆಗೆ ಹತ್ತಿ ದಾರ ಹೆಚ್ಚು ತರಿಸಬೇಕು, ತೋರಣದವರು ಕೇಳುತ್ತಾರೆ. ನಮ್ಮ ಕಪಾಟಿನ ಕೆಳಗಿನ ಖಾನೆಗೆ ತೇವ ಬರುತ್ತದೆ, ಹಲಗೆ ಹಾಕಿಸಲು ಹೇಳಬೇಕು.

ಫೆಬ್ರವರಿ 6

ನಿನ್ನೆಗೆ ಇದ್ದತ್ ಮುಗಿಯಿತು. ಅಮ್ಮಿ ಹೊಸ ಸೀರೆ ಕೊಟ್ಟರು, ತಿಳಿನೀಲಿ. ಹೊಸ್ತಿಲಾಚೆ ಕಾಲಿಟ್ಟಾಗ ಗಲ್ಲಿ ಬಹಳ ಅಗಲವಾಗಿ ಕಂಡಿತು.

ಗಯಾಸುದ್ದೀನ್ ಜೀಪ್ ತಂದಿದ್ದ. ನನ್ನ ಟ್ರಂಕ್ ಎಲ್ಲಿ ಎಂದು ಹುಡುಕಿದ. ಜಗಲಿ ತುಂಬ ಮೂಟೆಗಳಿದ್ದವು.

"ಇದೆಲ್ಲ ತವರಿಗೆ ಯಾಕಮ್ಮ?"

"ಬಜಾರಿಗೆ," ಎಂದೆ. "ಇಲ್ಲೇ, ಎರಡು ತಿರುವು."

ಅವನು ನನ್ನ ಮುಖ ನೋಡಿದ, ಅಮ್ಮಿಯ ಮುಖ ನೋಡಿದ. ಬಿಡಿಸಿಟ್ಟ ಕೋಣೆಯ ಮಾತೆತ್ತಿದ. ಹೆಂಗಸರು ಬಜಾರಿನಲ್ಲಿ ಕೂತರೆ ಜನ ಏನೆಂದಾರು ಎಂದ. "ಅಂಗಡಿ ನನ್ನದು. ಯಾರು ಕೂರಬೇಕು ಅಂತ ನಾನು ಹೇಳ್ತೀನಿ," ಎಂದರು ಅಮ್ಮಿ. ಅಣ್ಣ ಮುಖ ಊದಿಸಿಕೊಂಡೇ ಮೊದಲ ಮೂಟೆ ಎತ್ತಿದ. ಎತ್ತಿದವನು ಇಷ್ಟು ಹಗುರವೇ ಎಂದು ಬೆರಗಾದ. ಬೇಸಿಗೆಯಲ್ಲಿ ಬಂದು ಆ ಕೋಣೆಯಲ್ಲಿ ವಾರ ಇರುತ್ತೇನೆ, ಹಿನ್ನೀರಿಗೆ ಕರೆದುಕೊಂಡು ಹೋಗು ಎಂದು ಮಾತು ಕೊಟ್ಟೆ.

ಫೆಬ್ರವರಿ 12

ಗಲ್ಲಾದ ಹಿಂದೆ ಕೂತು ಬರೆಯುತ್ತಿದ್ದೇನೆ. ಬಜಾರಿಗೆ ಬಂದ ಮೇಲೆ ಡೈರಿ ತೆರೆದಿರಲಿಲ್ಲ.

ಸ್ವೆಟರನ್ನು ಹ್ಯಾಂಗರ್‌ಗೆ ಹಾಕಿ ಕಪಾಟಿನ ಮೇಲೆ ತೂಗುಹಾಕಿದ್ದೇನೆ. ಎಲ್ಲಿ ಇಡುವುದೆಂದು ತಿಳಿಯದೆ ತಂದದ್ದು, ಅಲ್ಲೇ ಚೆನ್ನಾಗಿದೆ. ಫ್ಯಾನ್ ತಿರುಗಿದಾಗ ತೋಳು ಅಲ್ಲಾಡುತ್ತದೆ, ಎರಡೂ ಒಂದೇ ಉದ್ದ.

ಬೆಳಿಗ್ಗೆ ಪಿರಿಯಾಪಟ್ಟಣದ ಕಡೆಯ ಒಬ್ಬ ಗಂಡಸು ಬಂದು ಅದರ ರೇಟ್ ಕೇಳಿದ. ಸುನಂದಮ್ಮ ಪಕ್ಕದಲ್ಲೇ ಗಿಣಿಯ ಕಣ್ಣಿಗೆ ಗುಂಡಿ ಆರಿಸುತ್ತ ಕೂತಿದ್ದರು. ಮುಜಾಮಿಲ್ ಬಾಲ ತಡವಿ ಯಾರಿಗೋ ಎರಡು ಗಂಟಿನದು ತೆಗೆದುಕೊಡುತ್ತಿದ್ದ. ಕೈ ನಿಲ್ಲಿಸದೆ ತಲೆ ಎತ್ತಿ ಹೇಳಿದ:

"ಆ ಕಾಫಿ ಬಣ್ಣದ್ದಾ? ಅದು ಮಾರಾಟಕ್ಕಲ್ಲ ಕಣ್ರೀ. ನಮ್ಮಣ್ಣಂದು."

ಬಂದವನು ಸ್ವೆಟರನ್ನು ನೋಡಿದ, ಮುಜಾಮಿಲ್‌ನನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ. ಸುನಂದಮ್ಮನೂ ನನ್ನ ಕಡೆಯೇ ನೋಡುತ್ತಿದ್ದರು.

"ಹೌದು," ಎಂದೆ. "ಕಾಫಿ ಬಣ್ಣದ್ದು."